ಬೇಳೆ ಮೇಡಂ ಅವರ ತಪ್ಪಿನ ಹಲಗೆ

ವಿಶ್ವವಿದ್ಯಾಲಯದ ಆಹಾರ ಪೋಷಣೆ ವಿಭಾಗಕ್ಕೆ ಯಾರೇ ಹೋಗಲಿ, ಮೊದಲು ಕಣ್ಣಿಗೆ ಬೀಳುವುದು ಬೇಳೆ ಮೇಡಂ ಅಲ್ಲ, ಅವರ ತಪ್ಪುಗಳು. ಎರಡನೇ ಮಹಡಿಯ ಕೊನೆಯ ಪ್ರಯೋಗಾಲಯದ ಬಾಗಿಲು ತೆಗೆದರೆ ಎದುರು ಗೋಡೆಯಲ್ಲಿ ಒಂದು ಕಪ್ಪು ಹಲಗೆ. ಅದರ ನೆತ್ತಿಯಲ್ಲಿ ದಪ್ಪಕ್ಷರದಲ್ಲಿ 'ಮೇಡಂ ಮಾಡಿದ ತಪ್ಪುಗಳು'. ಕೆಳಗೆ, ಈ ಕಥೆ ಶುರುವಾಗುವ ಹೊತ್ತಿಗೆ, ಒಂದರಿಂದ ನಲವತ್ತೊಂದರ ತನಕ ಸಾಲುಗಳು: ತಪ್ಪು ಏನು, ಯಾವತ್ತು, ಹಿಡಿದವರು ಯಾರು. ಹಿಡಿದವರೇ ಸೀಮೆಸುಣ್ಣ ತೆಗೆದುಕೊಂಡು ಬರೆಯಬೇಕು, ಅದು ಅಲ್ಲಿಯ ಕಟ್ಟಳೆ. ಶನಿವಾರ ಅಟೆಂಡರ್ ಬಂದು ಅದರ ಮೇಲೆ ಬಿಳಿ ಬಣ್ಣದ ಕುಂಚ ಆಡಿಸಿ ಅಳಿಸದ ಹಾಗೆ ಮಾಡುತ್ತಾನೆ. ಬೇರೆ ಮೇಷ್ಟ್ರುಗಳು ಗೋಡೆಗೆ ಪ್ರಶಸ್ತಿ ಪತ್ರ ನೇತು ಹಾಕಿಕೊಂಡರೆ ಈ ಹೆಂಗಸು ತನ್ನ ಮಾನವನ್ನೇ ಮೊಳೆ ಹೊಡೆದು ತೂಗು ಹಾಕಿಕೊಂಡಿದ್ದಾಳೆ ಎಂದು ನಕ್ಕವರು ಬಹಳ ಮಂದಿ. ನಗಲಿ ಬಿಡಿ. ನಕ್ಕವರ ಪಾಠದಲ್ಲಿ ಎಷ್ಟು ತಪ್ಪಿತ್ತು ಎಂದು ಬರೆದಿಟ್ಟವರು ಯಾರೂ ಇಲ್ಲವಲ್ಲ.

ಆ ಹಲಗೆ ಹುಟ್ಟಿದ್ದು ಇಪ್ಪತ್ತೆರಡು ವರ್ಷದ ಹಿಂದೆ, ಮೇಡಂ ಕೆಲಸಕ್ಕೆ ಸೇರಿದ ಮೊದಲ ತಿಂಗಳು. ಪಾಠ ಮಾಡುವಾಗ ಒಂದು ಕಾಳಿನ ಪ್ರೋಟೀನ್ ಅಂಕಿ ಹೇಳಿದರು. ಮೂರನೇ ಬೆಂಚಿನ ಹುಡುಗನೊಬ್ಬ ಎದ್ದು, "ಮೇಡಂ, ಅದು ಒಣಗಿದ ಕಾಳಿಂದು, ಬೆಂದ ಕಾಳಿಂದಲ್ಲ," ಅಂದ. ಹೊಸ ಮೇಡಂಗೆ ಮೈಯೆಲ್ಲ ಉರಿಯಿತು. "ಅಷ್ಟು ಗೊತ್ತಿದ್ರೆ ನೀನೇ ಪಾಠ ಮಾಡು," ಅಂತ ಹುಡುಗನನ್ನು ಆಚೆ ಕಳಿಸಿದರು. ಮಧ್ಯಾಹ್ನ ಪುಸ್ತಕ ತೆಗೆದು ನೋಡಿದರೆ ಹುಡುಗ ಹೇಳಿದ್ದೇ ಸರಿ. ಮಾರನೆಯ ದಿನ ತಾವೇ ಬಡಗಿಯ ಹತ್ತಿರ ಹೋಗಿ ಹಲಗೆ ಮಾಡಿಸಿ ತಂದು, ಹುಡುಗನ ಕೈಗೆ ಸೀಮೆಸುಣ್ಣ ಕೊಟ್ಟರು. ಅವನು ಕಾಳಿನ ತಪ್ಪು ಬರೆಯಲು ಹೋದಾಗ, "ಅದು ಎರಡನೇದು. ಮೊದಲನೇದು ನಾನು ಹೇಳ್ತೀನಿ, ಬರ್ಕೋ," ಅಂದರು. ಇವತ್ತಿಗೂ ಮೊದಲ ಸಾಲು ಅದೇ ಇದೆ: 'ಸರಿ ಹೇಳಿದವನನ್ನು ಆಚೆ ಕಳಿಸಿದ್ದು.'

ಬೇಳೆ ಮೇಡಂ ಅಂತ ಹೆಸರು ಬಿದ್ದದ್ದು ಹೇಗೆ ಎಂದು ಕೇಳಿದರೆ ಅವರ ಕೈಚೀಲ ತೋರಿಸಬೇಕು. ಅದರೊಳಗಿನ ಕನ್ನಡಕದ ಡಬ್ಬಿಯಲ್ಲಿ ಕನ್ನಡಕ ಯಾವತ್ತೂ ಇಲ್ಲ, ಅದು ಸದಾ ತಲೆಯ ಮೇಲೆ. ಡಬ್ಬಿಯಲ್ಲಿರುವುದು ನಾಲ್ಕೈದು ಬಗೆಯ ಬೇಳೆ, ಕಾಳು. ಬಸ್ಸಿನಲ್ಲಿ ಪಕ್ಕ ಕೂತವರು ಸುಸ್ತು ಅಂದರೂ ಸಾಕು, ಡಬ್ಬಿ ತೆಗೆದು ಪಾಠ ಶುರು. "ಇವಳ ಜೊತೆ ಮದುವೆಗೆ ಹೋದ್ರೆ ನಾನು ಬೇರೆ ಸಾಲಲ್ಲಿ ಕೂತ್ಕೋತೀನಿ," ಎಂದು ಗಂಡ ಎಲ್ಲರೆದುರೂ ಹೇಳುತ್ತಾರೆ. ಗಡಿಯಾರ ರಿಪೇರಿ ಅಂಗಡಿಯ ಮನುಷ್ಯ ಅವರು, ಮಾತು ಕಡಿಮೆ, ಆಡಿದರೆ ಚುಚ್ಚುವಂಥದ್ದು.

ಮೇಡಂ ಹುಟ್ಟಿದ್ದು ಹಾಲಿನ ಮನೆಯಲ್ಲಿ. ಅಪ್ಪ ಬೇಗ ಹೋದ ಮೇಲೆ ಕೊಟ್ಟಿಗೆ ಅಣ್ಣನ ಹೆಗಲಿಗೆ ಬಿತ್ತು. ಅವನಿಗೆ ಆಗ ಹದಿನಾರು, ತಂಗಿಗೆ ಎಂಟು. ಶಾಲೆ ಬಿಟ್ಟು, ಬೆಳಗಾಗುವ ಮುಂಚೆ ಹಾಲು ಕರೆದು, ಸೈಕಲ್ಲಿಗೆ ಕ್ಯಾನು ಕಟ್ಟಿ ಮನೆಮನೆಗೆ ಹಾಕಿ ತಂಗಿಯನ್ನು ಓದಿಸಿದ. ತಂಗಿಗೆ ಐವತ್ತು ದಾಟಿದರೂ ಅವನಿಗೆ ಅವಳು 'ಪುಟ್ಟಿ'ಯೇ. ಮೇಡಂ ದಿನಕ್ಕೆ ಎರಡು ಲೋಟ ಕಾಫಿ ಕುಡಿಯುವುದೂ ಅಣ್ಣನ ಕೊಟ್ಟಿಗೆಯ ಹಾಲಿನಲ್ಲೇ.

ಇಂಥವರು ಸಸ್ಯಮೂಲ ಪೋಷಣೆಯ ಪಾಠ ಶುರು ಮಾಡಿದ್ದು ಯಾಕೆ? ಅದನ್ನೂ ಹೇಳಿಬಿಡುತ್ತೇನೆ. ಆರು ವರ್ಷದ ಹಿಂದೆ ಅವರ ಹಳೆಯ ವಿದ್ಯಾರ್ಥಿನಿಯೊಬ್ಬಳು ಆಸ್ಪತ್ರೆಯಿಂದ ಬಂದಳು. ಅಲ್ಲಿ ರೋಗಿಗಳಿಗೆ ಊಟದ ಪಟ್ಟಿ ಬರೆದುಕೊಡುವುದು ಅವಳ ಕೆಲಸ. "ಮೇಡಂ, ಹಾಲು, ಮೊಟ್ಟೆ, ಮಾಂಸ ಏನೂ ಮುಟ್ಟದವರು ದಿನಾ ಬರ್ತಾರೆ. ಕೆಲವರಿಗೆ ಒಗ್ಗಲ್ಲ, ಕೆಲವರಿಗೆ ಮನಸ್ಸಿಲ್ಲ, ಕೆಲವರಿಗೆ ಸಿಗಲ್ಲ. ಅವರಿಗೆ ಏನು ಹೇಳ್ಬೇಕು ಅಂತ ನೀವು ನಮಗೆ ಕಲಿಸ್ಲೇ ಇಲ್ಲ," ಅಂದಳು. ಮೇಡಂ ಪಠ್ಯಕ್ರಮ ತಿರುವಿ ನೋಡಿದರೆ ಆ ವಿಷಯಕ್ಕೆ ಇದ್ದದ್ದು ಅರ್ಧ ಪುಟ. ಅದರಲ್ಲೂ ಕಾಲು ಭಾಗ 'ಎಚ್ಚರಿಕೆ ಅಗತ್ಯ' ಅನ್ನುವ ಮಾತು. ಯಾವುದರ ಎಚ್ಚರಿಕೆ ಎಂದು ಮಾತ್ರ ಇರಲಿಲ್ಲ. ಆ ವರ್ಷದ ಹದಿಮೂರು ಮಕ್ಕಳನ್ನು ಸಾಲಾಗಿ ಕೂರಿಸಿಕೊಂಡು ಬರೀ ಗಿಡದ ಆಹಾರದಲ್ಲಿ ಕಬ್ಬಿಣ ಎಲ್ಲಿಂದ, ಕ್ಯಾಲ್ಸಿಯಂ ಎಲ್ಲಿಂದ, ಯಾವುದು ಎಷ್ಟು ತಿಂದರೂ ಸಿಗುವುದೇ ಇಲ್ಲ, ಯಾವುದಕ್ಕೆ ಮಾತ್ರೆಯೇ ಗತಿ ಎಂದು ಒಂದೊಂದಾಗಿ ಕಟ್ಟಿ ಹದಿನೈದು ವಾರದ ಪಾಠ ಮಾಡಿದರು. ಈಗ ಆ ತರಗತಿಯಲ್ಲಿ ಕೂರಲು ಜಾಗವಿಲ್ಲ.

"ಮೇಡಂ, ಹಾಲಿಲ್ಲದ ಊಟ ಕಲಿಸ್ತೀರ, ನೀವು ಹಾಲಿನ ಕಾಫಿ ಕುಡೀತೀರ," ಎಂದು ಮಕ್ಕಳು ಕಾಲೆಳೆದರೆ ಮೇಡಂ ಬಳಿ ಉತ್ತರ ಸಿದ್ಧ: "ನಾನೇನು ಕುಡೀತೀನಿ ಅನ್ನೋದು ಪರೀಕ್ಷೆಗೆ ಬರಲ್ಲ. ಕುಡಿಯದವರಿಗೆ ನೀವೇನು ಹೇಳ್ತೀರ ಅನ್ನೋದು ಬರುತ್ತೆ."

ಹೀಗಿರುವಾಗ ಒಂದು ಮಂಗಳವಾರ ವಿಭಾಗದ ಮುಖ್ಯಸ್ಥರು ಕರೆಸಿದರು. ಒಳ್ಳೆಯ ಮನುಷ್ಯ. ಆದರೆ ಬಾಗಿಲು ಸದ್ದಾದರೂ ಎದೆ ಝಲ್ ಅನ್ನುವ ಜಾತಿ. ಮೇಜಿನ ಮೇಲೊಂದು ಅರ್ಜಿ. ಹಾಲು ಉತ್ಪಾದಕರ ಒಕ್ಕೂಟದ್ದು. ಪ್ರಯೋಗಾಲಯಕ್ಕೆ ದೊಡ್ಡ ಫ್ರಿಜ್ಜನ್ನು ಕೊಡುಗೆ ಕೊಟ್ಟವರು ಅವರೇ. ಅದರ ಬಾಗಿಲ ಮೇಲೆ ನಗುವ ಹಸುವಿನ ಚಿತ್ರವಿದೆ, ಒಳಗೆ ಮೇಡಂ ನೆನೆಸಿಟ್ಟ ಕಾಳಿದೆ. ಅರ್ಜಿಯಲ್ಲಿ ಎರಡೇ ಮಾತು. ಹಾಲಿಲ್ಲದೆಯೂ ಬದುಕಬಹುದೆಂದು ವಿಶ್ವವಿದ್ಯಾಲಯದಲ್ಲಿ ಕಲಿಸುವುದು ಸರಿಯಲ್ಲ, ಪಾಠವನ್ನು ತೆಗೆಯಬೇಕು. ಎರಡನೆಯದು, ಸಂಬಂಧಪಟ್ಟ ಅಧ್ಯಾಪಕಿ ತಾವೇ ನಲವತ್ತೊಂದು ತಪ್ಪು ಒಪ್ಪಿಕೊಂಡಿದ್ದಾರೆ, ಫೋಟೊ ಲಗತ್ತಿಸಿದೆ. ಹಲಗೆಯ ಫೋಟೊ, ಬಣ್ಣದಲ್ಲಿ.

"ನಿಮ್ಮ ತಲೆ ಮೇಲೆ ನೀವೇ ಚಪ್ಪಡಿ ಎಳ್ಕೊಂಡಿದ್ದೀರಲ್ಲ ಮೇಡಂ," ಅಂದರು ಮುಖ್ಯಸ್ಥರು. "ಮುಂದಿನ ಗುರುವಾರ ಸಮಿತಿ ಬರುತ್ತೆ. ಅಲ್ಲಿವರೆಗೆ ಪಾಠ ನಿಲ್ಲಿಸಿ. ಆ ಹಲಗೆ ಇಳಿಸಿಬಿಡಿ."

"ಪಾಠದಲ್ಲಿ ತಪ್ಪೇನಿದೆ ಅಂತ ಯಾರಾದರೂ ಹೇಳಿದ್ದಾರಾ ಸರ್?"

"ಅದನ್ನ ಯಾರು ನೋಡ್ತಾರೆ? ಮೂವತ್ತೊಂದು ಸಹಿ ಇದೆ."

ಮೇಡಂ ಕನ್ನಡಕ ಇಳಿಸಿಕೊಂಡು ಸಹಿ ನೋಡುತ್ತ ಹೋದರು. ಏಳನೆಯ ಸಹಿಯ ಹತ್ತಿರ ಬೆರಳು ನಿಂತಿತು. ಕೆಳಗೆ ಅಡ್ಡಗೆರೆ ಎಳೆದು ಎರಡು ಚುಕ್ಕೆ ಇಡುವ ಸಹಿ ಅದು. ಶಾಲೆಯ ಅಂಕಪಟ್ಟಿಯ ಮೇಲೆ ಪೋಷಕರ ಜಾಗದಲ್ಲಿ ವರ್ಷ ವರ್ಷವೂ ನೋಡಿದ ಸಹಿ. ಅಣ್ಣನದು.

ಅವರಿಗೆ ಎಷ್ಟು ನೋವಾಯಿತೆಂದು ನಾನು ಸುತ್ತಿ ಬಳಸಿ ಹೇಳುವುದಿಲ್ಲ. ಮೆಟ್ಟಿಲ ಮೇಲೆ ಕೂತು ಅತ್ತರು. ಮೇಲಿಂದ ಇಳಿಯುತ್ತಿದ್ದ ಇಬ್ಬರು ಮಕ್ಕಳು ಸದ್ದಿಲ್ಲದೆ ಹಿಂದಕ್ಕೆ ಹತ್ತಿ ಬೇರೆ ಮೆಟ್ಟಿಲಿಂದ ಹೋದರು.

ಭಾನುವಾರ ಬೆಳಿಗ್ಗೆ ಮೇಡಂ ಅಣ್ಣನ ಮನೆಗೆ ಹೋದರು. ಅವನು ಕೊಟ್ಟಿಗೆಯಲ್ಲಿ ಬಕೆಟ್ ತುಂಬ ಹಿಂಡಿ ಕಲಸುತ್ತಿದ್ದ. ತಂಗಿಯನ್ನು ನೋಡಿದ, ಮತ್ತೆ ಬಕೆಟ್ಟಿಗೇ ಕೈ ಹಾಕಿದ.

"ನೀನು ಸಹಿ ಹಾಕಿದ್ದೀಯ," ಅಂದರು ಮೇಡಂ.

"ಹಾಕಿದ್ದೀನಿ."

"ನನ್ನ ಪಾಠ ಅಂತ ಗೊತ್ತಿತ್ತಾ?"

"ಗೊತ್ತಿತ್ತು ಕಣೇ. ಹಾಲು ಮಾರಿ ಓದಿಸ್ದೋನು ನಾನು. ಹಾಲು ಬೇಡ ಅಂತ ನೀನು ಊರಿಗೆಲ್ಲ ಹೇಳಿದ್ರೆ ನನ್ನ ಹೊಟ್ಟೆ ಮೇಲೆ ಹೊಡೆದ ಹಾಗಲ್ವಾ? ಒಕ್ಕೂಟದಲ್ಲಿ ಎಲ್ಲರೂ ನನ್ನ ಮುಖ ನೋಡ್ತಾರೆ."

"ಬೇಡ ಅಂತ ಯಾವತ್ತು ಹೇಳಿದೆ ಅಣ್ಣ? ಕುಡಿಯದವರಿಗೆ ಏನು ಅಂತ ಹೇಳ್ತೀನಿ. ಒಂದು ದಿನ ಬಂದು ಕೇಳಿದ್ಯಾ?"

"ನಾನು ಹತ್ತನೇ ಕ್ಲಾಸೂ ಮುಗಿಸ್ದೋನಲ್ಲ. ನಿನ್ನ ಪಾಠ ನನಗೇನು ತಿಳಿಯುತ್ತೆ?"

ಒಳಗಿಂದ ಅತ್ತಿಗೆ, "ಅಣ್ಣ ತಂಗಿ ಜಗಳ ಆಡೋದಿದ್ರೆ ತಿಂಡಿ ತಿಂದು ಆಡಿ, ಖಾಲಿ ಹೊಟ್ಟೆಲಿ ಧ್ವನಿ ಏಳಲ್ಲ," ಅಂದರು. ಅತ್ತಿಗೆಯ ತೊಡೆಯ ಮೇಲೆ ಮೂರು ವರ್ಷದ ಮೊಮ್ಮಗಳು. ಈ ಮನೆಯ ಗುಟ್ಟು ಅಂದರೆ ಈ ಮಗು. ನಾಲ್ಕು ತಲೆಮಾರು ಹಾಲು ಮಾರಿದ ಮನೆಯಲ್ಲಿ ಹುಟ್ಟಿದ ಈ ಕೂಸಿಗೆ ಒಂದು ಗುಟುಕು ಹಾಲು ನಾಲಿಗೆಗೆ ತಾಗಿದರೆ ತುಟಿ ಊದಿ ಉಸಿರು ಕಟ್ಟುತ್ತದೆ. ಎರಡು ಸಲ ಆಸ್ಪತ್ರೆಗೆ ಎತ್ತಿಕೊಂಡು ಓಡಿದ್ದಾಗಿದೆ. ಆಮೇಲೆ ಮೇಡಂ ತಮ್ಮ ಪಾಠದಿಂದಲೇ ಮಗುವಿಗೆ ಊಟದ ಪಟ್ಟಿ ಬರೆದುಕೊಟ್ಟಿದ್ದರು, ಅದು ಅಡುಗೆಮನೆಯ ಬಾಗಿಲಿಗೆ ಅಂಟಿಸಿತ್ತು. ಈಗಲೂ ಅತ್ತಿಗೆ ಬಾಳೆಹಣ್ಣು ಕಿವುಚಿ, ಬೆಳ್ಳನೆಯ ಎಳ್ಳಿನ ಪುಡಿ ಎರಡು ಚಮಚ ಕಲಸಿ, ಪಟ್ಟಿಯಲ್ಲಿದ್ದ ಹಾಗೆಯೇ ತಿನ್ನಿಸುತ್ತಿದ್ದರು.

"ಇದನ್ನ ಸಮಿತಿ ಮುಂದೆ ಹೇಳ್ಬೇಡ ಪುಟ್ಟಿ," ಅಂದ ಅಣ್ಣ, ಕೈ ತೊಳೆದುಕೊಂಡು ಬಂದು. ಅವನ ಧ್ವನಿ ತಗ್ಗಿತ್ತು. "ಹಾಲಿನವನ ಮೊಮ್ಮಗಳಿಗೆ ಹಾಲಾಗಲ್ಲ ಅಂದ್ರೆ ನಕ್ಕು ಸಾಯ್ತಾರೆ. ಒಕ್ಕೂಟದಿಂದ ನಾನೂ ಬರ್ತಿದ್ದೀನಿ ಅವತ್ತು."

ಮೇಡಂಗೆ ಸಿಟ್ಟು ನೆತ್ತಿಗೇರಿತು. ನನ್ನ ಪಾಠ ನಿಮ್ಮ ಮನೆಯ ಬಾಗಿಲಿಗೆ ಅಂಟಿಸಿಕೊಂಡು, ನನ್ನ ಮೇಲೆ ಅರ್ಜಿಗೆ ಸಹಿ ಹಾಕಿ, ಮೇಲಿಂದ ಬಾಯಿ ಮುಚ್ಚಿಕೊಂಡಿರು ಅನ್ನುತ್ತೀಯಲ್ಲ ಎಂದು ನಾಲಿಗೆಯ ತುದಿಗೆ ಬಂತು. ಆದರೆ ಮಗು ಬಾಳೆಹಣ್ಣಿನ ಕೈಯಲ್ಲಿ ಅವರ ಕನ್ನಡಕ ಎಳೆಯಿತು. "ಹೇಳಲ್ಲ," ಅಂದರು. ಕೊಟ್ಟಿಗೆಯಿಂದ ಹಾಲು ತುಂಬಿಸಿಕೊಳ್ಳದೆ ಬರಿಗೈಯಲ್ಲಿ ಬಂದರು. ಆ ವಾರ ಮನೆಯಲ್ಲಿ ಕಪ್ಪು ಕಾಫಿ. ಗಂಡ ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟು, "ಅಣ್ಣನ ಮೇಲಿನ ಕೋಪಕ್ಕೆ ನನಗ್ಯಾಕೆ ಶಿಕ್ಷೆ," ಅಂದರು. ಮೇಡಂ ನಗಲಿಲ್ಲ.

ಬುಧವಾರ ಮಧ್ಯಾಹ್ನ, ಹೇಳಲು ನಾಚಿಕೆಯಾಗುತ್ತದೆ, ಮೇಡಂ ಹಲಗೆ ಇಳಿಸಿದರು. ಅಂಜಿದರು, ಅಷ್ಟೇ. ಆರು ವರ್ಷದ ಕೆಲಸ, ಆಸ್ಪತ್ರೆಗಳಲ್ಲಿರುವ ಅಷ್ಟು ಹಳೆಯ ವಿದ್ಯಾರ್ಥಿಗಳು, ಕೂರಲು ಜಾಗವಿಲ್ಲದ ಆ ತರಗತಿ, ಎಲ್ಲವೂ ಒಂದು ಹಲಗೆಯಿಂದ ಮಣ್ಣುಪಾಲಾದರೆ? ಅಟೆಂಡರ್ ಏಣಿ ಹಿಡಿದುಕೊಂಡು ನಿಂತ. ಇಪ್ಪತ್ತು ವರ್ಷ ಆ ಸಾಲುಗಳ ಮೇಲೆ ಕುಂಚ ಆಡಿಸಿದ ಕೈ ಅದು. "ಎಲ್ಲಿಡ್ಲಿ ಮೇಡಂ?" ಅಂದ. "ಕಪಾಟಿನ ಹಿಂದೆ ಇಡು, ಗೋಡೆ ಕಡೆ ಮುಖ ಮಾಡಿ," ಅಂದರು. ಅವನು ಹೋಗುವಾಗ ಬಾಗಿಲನ್ನು ಸ್ವಲ್ಪ ಜೋರಾಗಿಯೇ ಹಾಕಿಕೊಂಡು ಹೋದ.

ಗುರುವಾರ ಹನ್ನೊಂದಕ್ಕೆ ಸಮಿತಿ ಬಂತು. ಮೂವರು. ಅಧ್ಯಕ್ಷರು ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮುದುಕರು, ಕೈಯಲ್ಲಿ ಕೋಲು, ಕಿವಿಯಲ್ಲಿ ಯಂತ್ರ. ಉಳಿದಿಬ್ಬರು ಬೇರೆ ವಿಭಾಗದ ಮೇಷ್ಟ್ರುಗಳು. ಅವರಲ್ಲದೆ ಒಕ್ಕೂಟದ ಕಡೆಯಿಂದ ಕಾರ್ಯದರ್ಶಿ, ಇಸ್ತ್ರಿ ಮಡಿಕೆ ಮುರಿಯದ ಅಂಗಿ ತೊಟ್ಟವನು. ಅವನ ಹಿಂದೆ ಅಣ್ಣ, ಇದ್ದುದರಲ್ಲಿ ಒಳ್ಳೆಯ ಅಂಗಿ ಹಾಕಿಕೊಂಡು, ಪ್ರಯೋಗಾಲಯದ ಎತ್ತರದ ಸ್ಟೂಲಿನ ಮೇಲೆ ಕಾಲು ನೆಲಕ್ಕೆ ತಾಗದೆ ಕೂತಿದ್ದ. ಅವನು ತಂಗಿಯ ಕೆಲಸದ ಜಾಗ ನೋಡಿದ್ದು ಅದೇ ಮೊದಲು.

ಅಧ್ಯಕ್ಷರು ಕೂರುವ ಮೊದಲೇ ಕೋಲೆತ್ತಿ ಗೋಡೆಯನ್ನು ತೋರಿಸಿದರು. ಹಳದಿ ತಿರುಗಿದ ಗೋಡೆಯ ನಡುವೆ ಒಂದು ಚೌಕ ಮಾತ್ರ ಹೊಸದಾಗಿ ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು.

"ಇಲ್ಲಿ ಏನಿತ್ತು?"

ಮುಖ್ಯಸ್ಥರು ಕೆಮ್ಮಿದರು. ಮೇಡಂ ಒಂದು ಕ್ಷಣ ನೆಲ ನೋಡಿದರು. "ಹಲಗೆ ಇತ್ತು ಸರ್. ಹೆದರಿ ಇಳಿಸಿದೆ."

"ತನ್ನಿ."

ಅಟೆಂಡರ್ ಅಂಥ ಚುರುಕಾಗಿ ಓಡಾಡಿದ್ದನ್ನು ಆ ವಿಭಾಗದಲ್ಲಿ ಯಾರೂ ನೋಡಿರಲಿಲ್ಲ. ಹಲಗೆ ಮೊಳೆಗೆ ಬಿತ್ತು. ಅಧ್ಯಕ್ಷರು ಹತ್ತಿರ ಹೋಗಿ ನಲವತ್ತೊಂದನ್ನೂ ಓದಿದರು. ಹದಿನೇಳನೆಯದರ ಹತ್ತಿರ ಬಹಳ ಹೊತ್ತು ನಿಂತರು. 'ಪಾಚಿಯ ಪುಡಿಯಲ್ಲಿ ಬಿ12 ಸಿಗುತ್ತದೆ ಎಂದದ್ದು. ಅದು ಮೈಗೆ ಹತ್ತುವಂಥದ್ದಲ್ಲ, ಮಾತ್ರೆಯೇ ಬೇಕು.'

"ನೋಡಿ ಸರ್," ಅಂದ ಕಾರ್ಯದರ್ಶಿ. "ಅವರೇ ಒಪ್ಕೊಂಡಿದ್ದಾರೆ."

ಅಧ್ಯಕ್ಷರು ಸ್ಟೂಲು ಎಳೆದುಕೊಂಡು ಕೂತು, "ಅರ್ಜಿ ಓದಿದ್ದೇನೆ. ಪಾಠ ಕೇಳಿಲ್ಲ. ಈಗ ಮಾಡಿ. ಕ್ಯಾಲ್ಸಿಯಂ ಪಾಠ. ನಾವು ಹೊಸ ಮಕ್ಕಳು ಅಂತ ತಿಳ್ಕೊಳ್ಳಿ," ಅಂದರು.

ಮೇಡಂಗೆ ಮೊದಲ ಎರಡು ಮಾತು ತೊದಲಿತು. ಮೂರನೆಯದಕ್ಕೆ ಬೇಳೆ ಮೇಡಂ ವಾಪಸು ಬಂದರು. ಹಾಲಿನಿಂದಲೇ ಶುರು ಮಾಡಿದರು: ಹಾಲಿನಲ್ಲಿ ಕ್ಯಾಲ್ಸಿಯಂ ಎಷ್ಟು, ಅದು ಎಷ್ಟು ಸುಲಭವಾಗಿ ಮೈಗೆ ಸೇರುತ್ತದೆ. "ಹಾಲು ಒಳ್ಳೆಯದು, ಅದರಲ್ಲಿ ಮಾತೇ ಇಲ್ಲ. ನನ್ನ ಮೂಳೆ ಅದರಿಂದಲೇ ಗಟ್ಟಿಯಾಗಿರೋದು," ಅಂದರು. ಅಣ್ಣ ತಲೆ ಎತ್ತಿದ. "ಈಗ ಹಾಲು ಮುಟ್ಟಲಾಗದ ಒಂದು ಮಗು ಇದೆ ಅಂತ ಇಟ್ಕೊಳ್ಳಿ. ಯಾರದೋ ಮನೆ ಮಗು," ಎಂದು ಅಣ್ಣನ ಕಡೆ ನೋಡದೆ ಮುಂದುವರಿಸಿದರು. ಸೊಪ್ಪು ತೋರಿಸಿದರು. ಎಲ್ಲ ಸೊಪ್ಪೂ ಒಂದೇ ಅಲ್ಲ, ಕೆಲವು ಕೊಟ್ಟ ಹಾಗೆ ಮಾಡಿ ಕೊಡುವುದಿಲ್ಲ ಅಂದರು. ಸೋಯಾ ತೋರಿಸಿದರು. ಆಮೇಲೆ ಎಳ್ಳಿನ ಬಾಟಲಿ ತೆಗೆದು, ಗೋಡೆಗೆ ನೇತು ಹಾಕಿದ್ದ ಪೋಷಕಾಂಶಗಳ ಪಟ್ಟಿಯ ಮೇಲೆ ಬೆರಳಿಟ್ಟು, "ಎಳ್ಳು. ನೂರು ಗ್ರಾಮಿಗೆ ಒಂಬೈನೂರು ಮಿಲಿಗ್ರಾಂ ಮೇಲೆ. ಮಗುವಿಗೆ ದಿನಕ್ಕೆ ಎರಡು ಚಮಚ," ಅಂದು ಬಾಟಲಿಯನ್ನು ಎಲ್ಲರ ಕೈಗೂ ದಾಟಿಸಿದರು.

ಬಾಟಲಿ ಸುತ್ತಿ ಅಣ್ಣನ ಕೈಗೆ ಬಂತು. ಅವನು ಮುಚ್ಚಳ ತೆಗೆದು ನಾಲ್ಕು ಕಾಳು ಅಂಗೈಗೆ ಸುರಿದುಕೊಂಡು ಹೆಬ್ಬೆರಳಲ್ಲಿ ಉಜ್ಜಿದ. ಹಿಂಡಿಯ ಚೀಲ ಬಂದಾಗ ಕೊಟ್ಟಿಗೆಯಲ್ಲಿ ಮಾಡುವ ಹಾಗೆಯೇ. ಒಂದು ಕಾಳು ಬಾಯಿಗೂ ಹಾಕಿಕೊಂಡ.

"ಒಂದು ಕೇಳ್ಲಾ?" ಅಂದ.

"ಕೇಳಿ," ಅಂದರು ಅಧ್ಯಕ್ಷರು.

"ಇದು ಸಿಪ್ಪೆ ತೆಗೆದ ಎಳ್ಳು. ಆ ಪಟ್ಟಿಲಿರೋ ಅಂಕಿ ಯಾವುದರದ್ದು, ಸಿಪ್ಪೆ ಇರೋದರದ್ದಾ, ಇಲ್ಲದ್ದರದ್ದಾ? ಯಾಕಂದ್ರೆ ಹಸುವಿಗೆ ಎಳ್ಳಿಂಡಿ ಹಾಕುವಾಗ ನಾವು ಎರಡನ್ನೂ ಒಂದೇ ತೂಕ ಹಾಕಲ್ಲ. ಸಿಪ್ಪೆ ಇದ್ರೆ ಅದರ ಗುಣವೇ ಬೇರೆ."

ಮೇಡಂ ಪಟ್ಟಿ ನೋಡಿದರು. ಬಾಟಲಿ ನೋಡಿದರು. ಪಟ್ಟಿಯನ್ನು ಆರು ವರ್ಷದ ಹಿಂದೆ ಬರೆದವರು ಅವರೇ. ಬಾಟಲಿಗೆ ಎಳ್ಳು ತರುವುದು ಅಂಗಡಿಯಿಂದ, ಅಂಗಡಿಯವನು ಕೊಡುವುದು ತೊಳೆದು ಸಿಪ್ಪೆ ತೆಗೆದ ಬಿಳಿ ಎಳ್ಳು, ನೋಡಲು ಚೆಂದ ಅಂತ. ಎರಡನ್ನೂ ಅಕ್ಕಪಕ್ಕ ಇಟ್ಟು ಆರು ವರ್ಷ ಪಾಠ ಮಾಡಿದ್ದರು. ಅತ್ತಿಗೆ ಕಲಸುತ್ತಿದ್ದ ಆ ಬೆಳ್ಳನೆಯ ಪುಡಿ, ಬಾಳೆಹಣ್ಣಿನ ಬಟ್ಟಲು ನೆನಪಾಯಿತು.

ಒಂದು ಮಾತಲ್ಲಿ ಮುಗಿಸಬಹುದಿತ್ತು. 'ಎರಡೂ ಹೆಚ್ಚು ಕಮ್ಮಿ ಒಂದೇ' ಅಂದಿದ್ದರೆ ಅಲ್ಲಿ ಎದುರಾಡುವವರು ಯಾರಿದ್ದರು? ಅಣ್ಣನಂತೂ ತಲೆಯಾಡಿಸಿ ಸುಮ್ಮನಾಗುತ್ತಿದ್ದ. ಪಾಠ ಉಳಿಯುತ್ತಿತ್ತು. ಮೇಡಂಗೆ ಆ ಯೋಚನೆ ಬರಲಿಲ್ಲ ಎಂದು ನಾನು ಹೇಳುವುದಿಲ್ಲ. ಬಂತು, ಅದೂ ಜೋರಾಗಿಯೇ ಬಂತು. ಮುಖ್ಯಸ್ಥರು ದೂರದಿಂದ ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದರು.

ಮೇಡಂ ಕಪಾಟಿನಿಂದ ದಪ್ಪ ಕೋಷ್ಟಕದ ಪುಸ್ತಕ ತೆಗೆದು ಮೇಜಿನ ಮೇಲೆ ಬಿಚ್ಚಿದರು. ಎರಡು ಸಾಲು ಒಂದರ ಕೆಳಗೊಂದಿತ್ತು. ಗಟ್ಟಿಯಾಗಿ ಓದಿದರು. "ಎಳ್ಳು, ಇಡಿಯಾಗಿ. ಒಂಬೈನೂರ ಎಪ್ಪತ್ತೈದು. ಎಳ್ಳು, ಸಿಪ್ಪೆ ತೆಗೆದದ್ದು." ಆ ಸಾಲಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ನೋಡಿದರು. "ಅದರ ಹತ್ತನೇ ಒಂದು ಭಾಗವೂ ಇಲ್ಲ."

ಆಮೇಲೆ ಸೀಮೆಸುಣ್ಣ ತೆಗೆದುಕೊಂಡು ಅಣ್ಣನ ಹತ್ತಿರ ನಡೆದರು. "ಅಣ್ಣ, ಬಾ. ಬರಿ."

"ನಾನಾ?"

"ಹಿಡಿದವರೇ ಬರೀಬೇಕು. ಇಲ್ಲಿ ಹಾಗೇ ಇರೋದು."

ಅಣ್ಣ ಸ್ಟೂಲಿನಿಂದ ಇಳಿದ. ನಲವತ್ತೆಂಟು ವರ್ಷದ ಮೇಲೆ ಹಲಗೆಯ ಮುಂದೆ ನಿಂತವನು, ಒಂದೊಂದು ಅಕ್ಷರವನ್ನೂ ಕೊರೆದ ಹಾಗೆ ಬರೆದ: 'ಸಿಪ್ಪೆ ಇಲ್ಲದ ಎಳ್ಳಿಗೆ ಸಿಪ್ಪೆ ಇರುವ ಎಳ್ಳಿನ ಅಂಕಿ ಹೇಳಿದ್ದು.' ಹಿಡಿದವರು ಅನ್ನುವ ಜಾಗದಲ್ಲಿ ಅಡ್ಡಗೆರೆ, ಎರಡು ಚುಕ್ಕೆ.

"ನಲವತ್ತೆರಡು," ಅಂದ ಕಾರ್ಯದರ್ಶಿ, ಗೆದ್ದವನ ಹಾಗೆ. "ನಮ್ಮವರೇ ಹಿಡಿದ್ರು, ಅದೂ ನಿಮ್ಮೆದುರಿಗೆ. ಇಂಥ ಪಾಠ ಬೇಕಾ ಸರ್?"

ಅಧ್ಯಕ್ಷರು ಬಾಯಿ ತೆಗೆಯುವ ಮೊದಲೇ ಅಣ್ಣ ತಿರುಗಿ ನಿಂತ. ಸೀಮೆಸುಣ್ಣ ಇನ್ನೂ ಕೈಯಲ್ಲಿತ್ತು. "ಬೇಕು," ಅಂದ.

"ಏನಂದ್ರಿ?"

"ಆ ಯಾರದೋ ಮನೆ ಮಗು ಅಂದ್ಳಲ್ಲ, ಅದು ನಮ್ಮನೆದು. ನನ್ನ ಮೊಮ್ಮಗಳು. ಹಾಲು ಮುಟ್ಟಿದ್ರೆ ಉಸಿರು ಕಟ್ಟುತ್ತೆ. ನಾನು ಹೇಳ್ಬೇಡ ಅಂದಿದ್ದೆ, ಮಾನ ಹೋಗುತ್ತೆ ಅಂತ. ಇವಳು ಹೇಳ್ಲಿಲ್ಲ." ಅವನು ಎಳ್ಳಿನ ಬಾಟಲಿಯ ಕಡೆ ಕೈ ತೋರಿಸಿದ. "ಒಂದೂವರೆ ವರ್ಷದಿಂದ ನಮ್ಮನೇಲಿ ಆ ಬಿಳೀ ಎಳ್ಳೇ ತಿನ್ನಿಸ್ತಿರೋದು. ಇವತ್ತು ಇಲ್ಲಿ ಬರದೇ ಇದ್ದಿದ್ರೆ ಇನ್ನೂ ಎಷ್ಟು ವರ್ಷ ತಿನ್ನಿಸ್ತಿದ್ವೋ. ಪಾಠ ನಿಲ್ಲಿಸಿದ್ರೆ ತಪ್ಪು ಹೋಗುತ್ತಾ? ನಮ್ಮನೆ ಬಾಗಿಲಲ್ಲೇ ಅಂಟ್ಕೊಂಡಿರುತ್ತೆ, ತಿದ್ದೋರು ಇರಲ್ಲ ಅಷ್ಟೇ."

ಕಾರ್ಯದರ್ಶಿ ಅಂಗಿಯ ಮಡಿಕೆ ನೋಡಿಕೊಂಡ. ಅಧ್ಯಕ್ಷರು ಕಿವಿಯ ಯಂತ್ರ ಸರಿ ಮಾಡಿಕೊಂಡು, ಅರ್ಜಿಯನ್ನು ಎತ್ತಿ ಹಿಡಿದು, "ಮೂವತ್ತೊಂದು ಸಹಿ ಸೇರಿ ಈ ಪಾಠದ ಒಂದು ಅಂಕಿಯನ್ನೂ ಅಲ್ಲಾಡಿಸಲಿಲ್ಲ. ಇವರು ನಾಲ್ಕು ಕಾಳು ಉಜ್ಜಿ ಅಲ್ಲಾಡಿಸಿದ್ರು," ಅಂದರು. ಆಮೇಲೆ ಮೇಡಂ ಕಡೆ ತಿರುಗಿದರು. "ನಾನು ಮೂವತ್ತಾರು ವರ್ಷ ಕಲಿಸಿದೆ. ಏನು ಬೇಕಾದ್ರೂ ಕಲಿಸೋ ಸ್ವಾತಂತ್ರ್ಯ ಬೇಕು ಅಂತ ಭಾಷಣ ಮಾಡಿದ್ದೇ ಮಾಡಿದ್ದು. ತಪ್ಪು ಹಿಡಿದವನ ಕೈಗೆ ಸೀಮೆಸುಣ್ಣ ಕೊಡ್ಬೇಕು ಅಂತ ಮಾತ್ರ ಹೊಳೀಲಿಲ್ಲ ನೋಡಿ." ಹೇಳಿ, ಕೋಲೂರಿಕೊಂಡು ಎದ್ದರು.

ಹದಿನೈದು ದಿನಕ್ಕೆ ಕಾಗದ ಬಂತು. ಪಾಠ ಮುಂದುವರಿಯುತ್ತದೆ. ಯಾವ ಪಾಠದ ಮೇಲೆ ಆಕ್ಷೇಪವಿದ್ದರೂ, ಇನ್ನು ಮೇಲೆ ಇಂಥ ವಾಕ್ಯ, ಇಂಥ ಅಂಕಿ ತಪ್ಪು ಎಂದು ಆಧಾರ ಸಮೇತ ಬರೆದು ಕೊಡಬೇಕು, ಬರೀ ಸಹಿ ಸಾಲದು. ಒಕ್ಕೂಟ ಫ್ರಿಜ್ಜನ್ನು ವಾಪಸು ಕೇಳುತ್ತದೆ ಎಂದು ಮುಖ್ಯಸ್ಥರು ಒಂದು ವಾರ ನಿದ್ದೆಗೆಟ್ಟರು. ಯಾರೂ ಕೇಳಲಿಲ್ಲ. ನಗುವ ಹಸು ಅಲ್ಲೇ ಇದೆ, ಒಳಗೆ ಕಾಳೂ ಇದೆ.

ಅದಕ್ಕಿಂತ ಮೊದಲು ಆದ ಕೆಲಸ ಇನ್ನೊಂದು. ಸಮಿತಿ ಮುಗಿದ ಸಂಜೆಯೇ ಮೇಡಂ ಅಣ್ಣನ ಮನೆಗೆ ಹೋಗಿ ಬಾಗಿಲಿನ ಪಟ್ಟಿ ಕಿತ್ತು ಹೊಸದು ಅಂಟಿಸಿದರು. ಸಿಪ್ಪೆಯ ಎಳ್ಳು ಕಹಿ ಎಂದು ಮಗು ಉಗುಳಿತು, ಹಾಗಾಗಿ ಎಳ್ಳಿನ ಮೇಲೆ ಭಾರ ಹಾಕದೆ ಕ್ಯಾಲ್ಸಿಯಂ ಸೇರಿಸಿದ ಸೋಯಾ ಹಾಲು ಬರೆದರು. ಮಾರನೆಯ ದಿನ ತಾವೇ ಡಾಕ್ಟರ ಹತ್ತಿರ ಎತ್ತಿಕೊಂಡು ಹೋದರು. ಡಾಕ್ಟರು ಪರೀಕ್ಷೆ ಮಾಡಿಸಿ, ಮೂಳೆಗೆ ಏನೂ ಆಗಿಲ್ಲ, ಸರಿಯಾದ ಹೊತ್ತಿಗೆ ಗಮನಿಸಿದ್ದೀರಿ ಅಂದಾಗ ಮೇಡಂ ಅಲ್ಲೇ ಕುರ್ಚಿಯಲ್ಲಿ ಕುಸಿದು ಕೂತು ಮಗುವಿನ ತಲೆಯ ಮೇಲೆ ಮುಖವಿಟ್ಟುಕೊಂಡರು. ಅತ್ತಿಗೆ, "ನೀನು ಅಳ್ಬೇಡ, ಅದು ಹೆದರುತ್ತೆ," ಎಂದು ತಾವೇ ಅತ್ತರು.

ಪಾಠ ಮತ್ತೆ ಶುರುವಾದ ಸೋಮವಾರ ತರಗತಿ ತುಂಬಿತ್ತು. ಕೊನೆಯ ಬೆಂಚಿನಲ್ಲಿ, ಹುಡುಗ ಹುಡುಗಿಯರ ನಡುವೆ, ಅಣ್ಣ ಕೂತಿದ್ದ. ಕಾಲ ಹತ್ತಿರ ಹಾಲಿನ ಖಾಲಿ ಕ್ಯಾನು. ತೋಳು ಮಡಿಸಿ, ಹುಬ್ಬು ಗಂಟಿಕ್ಕಿ, ಎರಡು ಗಂಟೆ ಅಲ್ಲಾಡದೆ ಕೇಳಿದ. ಪಾಠ ಮುಗಿದು ಮಕ್ಕಳು ಎದ್ದಾಗ ಅವನೂ ಎದ್ದು ನೇರ ಹಲಗೆಯ ಹತ್ತಿರ ಬಂದ.

"ಏನಣ್ಣ, ಮತ್ತೆ ಏನು ಹಿಡಿದೆ?" ಅಂದರು ಮೇಡಂ.

"ಸುಮ್ನಿರೇ ಪುಟ್ಟಿ," ಅಂದು ಸೀಮೆಸುಣ್ಣ ತೆಗೆದುಕೊಂಡ.

ನಲವತ್ತೆರಡರ ಕೆಳಗೆ ಬರೆಯತೊಡಗಿದ. ಮಕ್ಕಳು ಬ್ಯಾಗು ಹೆಗಲಿಗೆ ಹಾಕಿಕೊಂಡು ಹಾಗೇ ನಿಂತರು. ಬರೆದು ಮುಗಿಸುವ ಹೊತ್ತಿಗೆ ಅವನ ಅಂಗಿಯ ತೋಳೆಲ್ಲ ಸುಣ್ಣವಾಗಿತ್ತು. 'ತಂಗಿಯ ಪಾಠ ಕೇಳದೆ ಅರ್ಜಿಗೆ ಸಹಿ ಹಾಕಿದ್ದು.' ಹಿಡಿದವರು ಅನ್ನುವಲ್ಲಿ, 'ನಾನೇ.'

"ಇದು ಮೇಡಂ ತಪ್ಪುಗಳ ಹಲಗೆ ಕಣಣ್ಣ," ಅಂದರು ಮೇಡಂ.

"ಮೇಡಂ ಅಣ್ಣಂದೂ ಒಂದಿರ್ಲಿ," ಅಂದ ಅವನು. ಕ್ಯಾನು ಎತ್ತಿಕೊಂಡು, "ನಾಳೆಯಿಂದ ಹಾಲು ತಗೊಂಡು ಹೋಗು. ಭಾವ ಫೋನು ಮಾಡಿದ್ರು, ಕಪ್ಪು ಕಾಫಿ ಕುಡಿದು ಕುಡಿದು ನಾಲಿಗೆ ಸತ್ತಿದೆಯಂತೆ," ಎಂದು ಹೊರಟ.

ಶನಿವಾರ ಅಟೆಂಡರ್ ಬಣ್ಣದ ಡಬ್ಬಿ, ಕುಂಚ ತಂದ. ನಲವತ್ತೆರಡನೆಯ ಸಾಲನ್ನು ಚೆಂದವಾಗಿ ತಿದ್ದಿ, ನಲವತ್ತಮೂರಕ್ಕೆ ಕುಂಚ ಅದ್ದಿದ. ಮೇಡಂ ಅವನ ಕೈ ತಡೆದರು.

"ಇದಕ್ಕೆ ಬಣ್ಣ ಬೇಡ," ಅಂದರು. "ಸುಣ್ಣದಲ್ಲೇ ಇರಲಿ. ದಿನಾ ಬಾಗಿಲು ತೆಗೆದು ಹಾಕಿ ಮಾಡಿದ್ರೆ ತಾನಾಗೇ ಉದುರಿ ಹೋಗುತ್ತೆ."